ಪದವಿಯ ಜೊತೆಗೆ ಮಾತಿನ ತಯಾರಿಯೂ ಬೇಕು



ವಿದ್ಯಾರ್ಥಿವೇತನದಿಂದ ಕಾಲೇಜಿನ ಶುಲ್ಕ ಕಟ್ಟಬಹುದು, ಪುಸ್ತಕ ಕೊಳ್ಳಬಹುದು. ಆದರೆ ಒಳ್ಳೆಯ ಅಂಕ ಪಡೆದ ಮಕ್ಕಳೂ ಕೆಲಸದ ಸಂದರ್ಶನದಲ್ಲಿ ಹಿಂದೆ ಬೀಳುವುದುಂಟು. ವಿಷಯ ಗೊತ್ತಿದ್ದರೂ ಅದನ್ನು ಹೇಳುವ ರೂಢಿ ಇರುವುದಿಲ್ಲ. ಈ ಕೊರತೆ ನೀಗಿಸಲು ವಿಶ್ವವಿದ್ಯಾಲಯಗಳೂ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳೂ ಕಾರ್ಯಾಗಾರ ನಡೆಸುತ್ತವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಂತೂ 2022ರ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ಮೊದಲ ವರ್ಷಕ್ಕೇ ಇಂಗ್ಲಿಷ್ ಸಂವಹನ ಮತ್ತು ವೃತ್ತಿಪರ ಬರವಣಿಗೆಯ ಪಾಠಗಳನ್ನು ಇಟ್ಟಿತ್ತು. ಪಾಠದಲ್ಲಿ ಓದಿದ್ದನ್ನು ನಾಲ್ಕು ಜನರ ಮುಂದೆ ಮಾಡಿ ನೋಡುವ ಜಾಗವೇ ಕಾರ್ಯಾಗಾರ.

ಅಲ್ಲಿ ಏನು ಕಲಿಸುತ್ತಾರೆ?

ಇಮೇಲ್: ವಿಷಯದ ಸಾಲು ಖಾಲಿ ಬಿಡಬಾರದು. ಮೊದಲು ವಂದನೆ, ನಂತರ ಎರಡು ಮೂರು ಸಾಲಿನಲ್ಲಿ ವಿಷಯ, ಕೊನೆಗೆ ಹೆಸರು, ಕೋರ್ಸ್, ಫೋನ್ ನಂಬರ್. ಲಗತ್ತಿಸುವ ರೆಸ್ಯೂಮ್ ಫೈಲಿಗೆ ತಮ್ಮ ಹೆಸರನ್ನೇ ಇಡಬೇಕು.

ಗುಂಪು ಚರ್ಚೆ: ದೊಡ್ಡ ದನಿಯಲ್ಲಿ ಮಾತನಾಡಿದವರೇ ಗೆಲ್ಲುವುದಿಲ್ಲ. ಇನ್ನೊಬ್ಬರು ಹೇಳಿದ್ದನ್ನು ಕೇಳಿ, ಅದಕ್ಕೆ ಒಂದು ಅಂಶ ಸೇರಿಸುವವರನ್ನೂ ಗಮನಿಸುತ್ತಾರೆ.

ಅಣಕು ಸಂದರ್ಶನ: ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಅನೇಕರು ತಂದೆಯ ಹೆಸರು, ಊರು ಹೇಳಿ ಸುಮ್ಮನಾಗುತ್ತಾರೆ. ಕೇಳುವವರಿಗೆ ಬೇಕಾದದ್ದು ಓದು, ಮಾಡಿದ ಪ್ರಾಜೆಕ್ಟ್, ಬರುವ ಕೆಲಸ.

ಮನೆಯ ಮರ್ಯಾದೆ, ಕಚೇರಿಯ ಮರ್ಯಾದೆ

ಹಿರಿಯರ ಮುಂದೆ ಕಣ್ಣು ತಗ್ಗಿಸುವುದು, ಕೇಳಿದಷ್ಟಕ್ಕೇ ಉತ್ತರಿಸುವುದು, ತನ್ನನ್ನು ತಾನು ಹೊಗಳಿಕೊಳ್ಳದಿರುವುದು ನಮ್ಮ ಮನೆಗಳ ಸಂಸ್ಕಾರ. ಸಂದರ್ಶನದಲ್ಲಿ ಇದೇ ನಡತೆಯನ್ನು ಆತ್ಮವಿಶ್ವಾಸದ ಕೊರತೆ ಎಂದುಕೊಳ್ಳುತ್ತಾರೆ. ಮಗು ಆ ಸಂಸ್ಕಾರವನ್ನು ಬಿಡಬೇಕಾಗಿಲ್ಲ. ಎಲ್ಲಿ ಹೇಗೆ ಎಂಬುದನ್ನು ತಿಳಿದರೆ ಸಾಕು. ಮುಖ ನೋಡಿ ಮಾತನಾಡುವುದು, ಮಾಡಿದ ಕೆಲಸವನ್ನು ಇದ್ದಂತೆ ಹೇಳುವುದು ಅಹಂಕಾರವಲ್ಲ. ಕೈ ಕುಲುಕಲು ಇಷ್ಟವಿಲ್ಲದ ಹೆಣ್ಣುಮಕ್ಕಳು ಎದೆಯ ಮೇಲೆ ಕೈಯಿಟ್ಟು ನಗುಮುಖದಿಂದ ವಂದಿಸಿದರೆ ಅದರಲ್ಲಿ ಅಗೌರವವೂ ಇಲ್ಲ. ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ಕನ್ನಡ ಮಾತನಾಡುವವರ ಇಂಗ್ಲಿಷ್ ಉಚ್ಚಾರ ಬೇರೆಯಾಗಿದ್ದರೆ ನಾಚಬೇಕಾಗಿಲ್ಲ. ನಿಧಾನವಾಗಿ, ಸ್ಪಷ್ಟವಾಗಿ ಹೇಳಿದರಾಯಿತು.

ಪೋಷಕರಲ್ಲಿ ವಿನಂತಿ

ಕಾರ್ಯಾಗಾರಕ್ಕೆ ಪರೀಕ್ಷೆ ಇಲ್ಲವೆಂದು ಅನೇಕರು ತಪ್ಪಿಸಿಕೊಳ್ಳುತ್ತಾರೆ. ಸಂಜೆ ತಡವಾಗುತ್ತದೆಂದು ಹೆಣ್ಣುಮಕ್ಕಳನ್ನು ಕಳುಹಿಸದ ಮನೆಗಳೂ ಇವೆ. ಸಮಯವನ್ನು ಮೊದಲೇ ವಿಚಾರಿಸಿ, ಇಬ್ಬರು ಮೂವರನ್ನು ಜೊತೆ ಮಾಡಿ ಕಳುಹಿಸಿ. ಮನೆಯ ಫೋನಿಗೆ ಕಂಪನಿಯಿಂದ ಕರೆ ಬಂದರೆ ಹೆಸರು, ನಂಬರ್, ಸಮಯ ಬರೆದಿಡಿ. ರಾತ್ರಿ ಹತ್ತು ನಿಮಿಷ ಮಕ್ಕಳ ಪರಿಚಯ ಭಾಷಣಕ್ಕೆ ನೀವೇ ಕೇಳುಗರಾಗಿ. ಇಂಗ್ಲಿಷ್ ಬರದಿದ್ದರೂ ಅಳುಕು ಎಲ್ಲಿದೆ ಎಂದು ನಿಮಗೆ ತಿಳಿಯುತ್ತದೆ.

ದಾನಿಗಳಲ್ಲಿ ವಿನಂತಿ

ನಿಮ್ಮಲ್ಲಿ ಅನೇಕರು ವ್ಯಾಪಾರಸ್ಥರು, ಅಧಿಕಾರಿಗಳು, ವೈದ್ಯರು. ಒಂದು ಭಾನುವಾರ ನಮ್ಮ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಸಂದರ್ಶನ ಮಾಡಿ, ತಪ್ಪುಗಳನ್ನು ಪ್ರೀತಿಯಿಂದ ತಿದ್ದಿ. ನೀವು ಕಟ್ಟಿದ ಶುಲ್ಕ ಮಗುವನ್ನು ಪದವಿಯವರೆಗೆ ತಲುಪಿಸಿದೆ. ಅಲ್ಲಿಂದ ಉದ್ಯೋಗದವರೆಗಿನ ದಾರಿಗೆ ನಿಮ್ಮ ಒಂದು ದಿನವೂ ದೊಡ್ಡ ನೆರವು.