ಯೆಜ್ಡಿಯ ಸೈಲೆನ್ಸರಿನೊಳಗೊಂದು ಬಾಗಿಲು

ಚೌಳಹಿರಿಯೂರಿನ ಓದುಗರೊಬ್ಬರು ಕೇಳಿದ್ದಾರೆ: "ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್ ಹದಿನೈದು ವರ್ಷದಿಂದ ಕೊಬ್ಬರಿ ಅಟ್ಟದ ಕೆಳಗೆ ನಿಂತಿದೆ. ಮನೇಲೇ ಬಿಚ್ಚಿ ರೆಡಿ ಮಾಡೋಣ ಅಂತಿದೀನಿ. ಎರಡೂ ಸೈಲೆನ್ಸರಿನ ಬ್ಯಾಫಲ್ ಕಿತ್ತು ಬಿಸಾಕು, ಹೊಗೆ ಸಲೀಸಾಗಿ ಹೋಗುತ್ತೆ, ಪಿಕಪ್ ಜಾಸ್ತಿ ಆಗುತ್ತೆ ಅಂತ ಎಲ್ರೂ ಹೇಳ್ತಾರೆ. ಹೌದಾ ಸಾರ್?"

ಇಲ್ಲ. ದಯವಿಟ್ಟು ಬ್ಯಾಫಲ್ಲನ್ನು, ಅಂದರೆ ಸದ್ದು ತಗ್ಗಿಸಲು ಸೈಲೆನ್ಸರಿನೊಳಗೆ ಕೂರಿಸಿದ ತೂತುಗಳ ಕೊಳವೆಯನ್ನು, ಕೀಳಬೇಡಿ. ಕಿತ್ತಿದ್ದರೆ ಹುಡುಕಿ ತಂದು ಮತ್ತೆ ಹಾಕಿ. ಮೋಟಾರ್ ಸೈಕಲ್ಲಿನ ಬಗ್ಗೆ ನಮ್ಮ ಊರುಗಳಲ್ಲಿ ಓಡಾಡುವ ತಪ್ಪು ತಿಳಿವಳಿಕೆಗಳಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಇನ್ನೊಂದಿಲ್ಲ. ಅದನ್ನು ಬಿಡಿಸಿ ಹೇಳಲು ಹೊರಟರೆ ಎಂಜಿನ್ ಲೋಕದ ಒಂದು ಅದ್ಭುತವೇ ಕೈಗೆ ಸಿಗುತ್ತದೆ.

ಯೆಜ್ಡಿ ನಮ್ಮದೇ ನೆಲದ ಗಾಡಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರ್ ಉದ್ಘಾಟಿಸಿದ್ದರು. 1961ರಿಂದ ಅಲ್ಲಿ ಜಾವಾ ತಯಾರಾಯಿತು, 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ಬಂದ ರೋಡ್‌ಕಿಂಗ್ 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಓಡಿತು. ಬೋರು 65 ಮಿಲಿಮೀಟರ್, ಸ್ಟ್ರೋಕು 75, ಸುಮಾರು 249 ಸಿಸಿ, 16 ಅಶ್ವಶಕ್ತಿ. ಕಿಕ್ಕರ್ರೂ ಗೇರೂ ಒಂದೇ ಲಿವರು. ಒಂದೇ ಸಿಲಿಂಡರು, ಆದರೆ ಸೈಲೆನ್ಸರು ಎರಡು. ಕಡೂರು, ಬೀರೂರು, ಅಜ್ಜಂಪುರದ ಸಂತೆ ದಾರಿಗಳಲ್ಲಿ ಹಿಂದೊಂದು ಮುಂದೊಂದು ಕಾಯಿ ಮೂಟೆ ಕಟ್ಟಿಕೊಂಡು ಬರುತ್ತಿದ್ದ ಗಾಡಿಯ ಸದ್ದು ಮೈಲಿ ದೂರದಿಂದಲೇ ಗುರುತು ಸಿಗುತ್ತಿತ್ತು.

ಈಗ ಆ ಸೈಲೆನ್ಸರಿಗೆ ಬರೋಣ. ಟೂ ಸ್ಟ್ರೋಕ್ ಎಂಜಿನ್ ಕೆಲಸ ಮಾಡುವ ಬಗೆ ಓದುಗರಿಗೆ ಗೊತ್ತೇ ಇದೆ ಎಂದುಕೊಳ್ಳುತ್ತೇನೆ. ಮುಖ್ಯ ಮಾತು ಒಂದೇ: ಅದಕ್ಕೆ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿವೆ. ಪಿಸ್ಟನ್ ಕೆಳಗಿಳಿದಾಗ ಅವು ತೆರೆಯುತ್ತವೆ, ಮೇಲೇರಿದಾಗ ಮುಚ್ಚುತ್ತವೆ. ಸುಟ್ಟ ಹೊಗೆ ಹೊರಹೋಗುವ ಕಿಟಕಿಯೂ ಹೊಸ ಪೆಟ್ರೋಲು-ಗಾಳಿ ಒಳಬರುವ ಕಿಟಕಿಯೂ ಒಟ್ಟೊಟ್ಟಿಗೆ ತೆರೆದಿರುವ ಹೊತ್ತೊಂದಿದೆ. ಹೊಸದು ಬಂದು ಹಳೆಯದನ್ನು ತಳ್ಳಬೇಕು. ಪಿಸ್ಟನ್ ಮೇಲೇರುವಾಗ ಒಳಬರುವ ಕಿಟಕಿ ಮೊದಲು ಮುಚ್ಚುತ್ತದೆ, ಹೊಗೆಯ ಕಿಟಕಿ ಆಮೇಲೆ. ಆ ನಡುವಿನ ಕ್ಷಣದಲ್ಲಿ ಸಿಲಿಂಡರಿನೊಳಗೆ ಸೇರಿದ ಹೊಸ ಮಿಶ್ರಣಕ್ಕೆ ಹೊರಗೆ ಹೋಗುವ ದಾರಿ ತೆರೆದೇ ಇರುತ್ತದೆ.

ನಮ್ಮ ಕಡೆಯ ಕುರಿ ರೊಪ್ಪವನ್ನು ನೆನೆಸಿಕೊಳ್ಳಿ. ರೊಪ್ಪದೊಳಗಿನ ಹಳೆ ಹಿಂಡನ್ನು ಮುಂದಿನ ಬಾಗಿಲಿಂದ ಹೊರಗೆ ಅಟ್ಟಬೇಕು, ಹಿಂದಿನ ಬಾಗಿಲಿಂದ ಹೊಸ ಹಿಂಡನ್ನು ಒಳಗೆ ಬಿಡಬೇಕು, ಎರಡೂ ಒಂದೇ ಹೊತ್ತಿಗೆ. ಹಳೆಯವುಗಳ ಬೆನ್ನು ಹತ್ತಿ ಹೊಸವೂ ನಾಲ್ಕಾರು ಹೊರಗೆ ಓಡುತ್ತವೆ. ಆಗ ಬಾಗಿಲಾಚೆ ಒಳ್ಳೆಯ ನಾಯಿಯೊಂದಿದ್ದರೆ, ಹಳೆಯವೆಲ್ಲ ದಾಟುವವರೆಗೂ ಸುಮ್ಮನಿದ್ದು, ಹೊಸ ಕುರಿ ಮೂತಿ ಹೊರಹಾಕಿದ ಕೂಡಲೇ ಅಡ್ಡ ಬಂದು ಒಳಕ್ಕೆ ನುಗ್ಗಿಸುತ್ತದೆ. ಅಷ್ಟರಲ್ಲಿ ಕುರಿಗಾಹಿ ಬಾಗಿಲು ಹಾಕುತ್ತಾನೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆ ನಾಯಿಯ ಕೆಲಸ ಮಾಡುವುದು ಶಬ್ದ!

ಹೊಗೆಯ ಕಿಟಕಿ ತೆರೆದ ಕ್ಷಣ ಒತ್ತಡದ ಒಂದು ಅಲೆ ಪೈಪಿನೊಳಗೆ ಹೊರಡುತ್ತದೆ. ಹೊಗೆ ಇನ್ನೂ ನಿಧಾನಕ್ಕೆ ಸಾಗುತ್ತಿರುವಾಗಲೇ ಅಲೆ ಅದರೊಳಗಿಂದ ಮುಂದೆ ಓಡುತ್ತದೆ. ಬಿಸಿ ಹೊಗೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಪೈಪು ಕೊಂಬು ಕಹಳೆಯ ಬಾಯಿಯಂತೆ ಅಗಲವಾಗುತ್ತ ಹೋದರೆ ಅಲೆಯ ಒಂದು ಪಾಲು ಅಲ್ಲಿಂದ ತಿರುಗಿ ಬರುತ್ತದೆ, ಆದರೆ ತಲೆಕೆಳಗಾಗಿ. ಒತ್ತಡವಾಗಿ ಹೋದದ್ದು ಹೀರುವ ಅಲೆಯಾಗಿ ಬರುತ್ತದೆ. ಅದು ಕಿಟಕಿಗೆ ಬಂದು ಮುಟ್ಟಿದಾಗ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ, ಅದರ ಹಿಂದೆ ಒಂದಿಷ್ಟು ಹೊಸ ಮಿಶ್ರಣವನ್ನೂ ಪೈಪಿನ ಕತ್ತಿಗೆ ಎಳೆದುಕೊಳ್ಳುತ್ತದೆ. ಇತ್ತ ಮುಂದೆ ಹೋದ ಅಲೆ ಪೈಪು ಮತ್ತೆ ಕಿರಿದಾಗುವ ಕಡೆ ಬಡಿದು, ಈ ಸಲ ಒತ್ತಡವಾಗಿಯೇ ತಿರುಗುತ್ತದೆ. ಬಾವಿಗೆ ಬಾಯಿಟ್ಟು ಕೂಗಿದರೆ ಕೂಗು ವಾಪಸು ಬರುವ ಹಾಗೆ. ಅದು ಬಂದು ತಲುಪುವುದು ಕಿಟಕಿ ಇನ್ನೇನು ಮುಚ್ಚಬೇಕು ಎನ್ನುವಾಗ. ಪೈಪಿಗೆ ಜಾರಿದ್ದ ಹೊಸ ಮಿಶ್ರಣವನ್ನು ಹಿಡಿದು ಸಿಲಿಂಡರಿಗೆ ತುರುಕುತ್ತದೆ. ಪಿಸ್ಟನ್ ಮೇಲೇರಿ ಕಿಟಕಿ ಮುಚ್ಚುತ್ತದೆ. ತಗಡಿನ ಬಾಗಿಲಿಲ್ಲ, ಸ್ಪ್ರಿಂಗಿಲ್ಲ, ಸವೆಯುವ ಭಾಗ ಒಂದೂ ಇಲ್ಲ. ಬರಿಯ ಪ್ರತಿಧ್ವನಿಯಿಂದ ಮಾಡಿದ ಬಾಗಿಲು!

ಲೆಕ್ಕ ಹಾಕಿ ನೋಡಿ, ಇನ್ನೂ ಖುಷಿಯಾಗುತ್ತದೆ. ನಿಮಿಷಕ್ಕೆ 4500 ಸುತ್ತು ಎಂದರೆ ಸೆಕೆಂಡಿಗೆ 75. ಒಂದು ಸುತ್ತಿಗೆ ಸುಮಾರು 13 ಮಿಲಿಸೆಕೆಂಡ್. ಹೊಗೆ ಕಿಟಕಿ ಸುತ್ತಿನ 160 ಡಿಗ್ರಿಯಷ್ಟು ತೆರೆದಿರುತ್ತದೆ ಎಂದುಕೊಂಡರೆ ಅಲೆಗೆ ಸಿಗುವುದು 6 ಮಿಲಿಸೆಕೆಂಡಿನೊಳಗಿನ ಸಮಯ. ಅಷ್ಟರಲ್ಲಿ ಅದು ಓಡುವುದು 3 ಮೀಟರ್. ಹೋಗಿಬರುವುದಕ್ಕೆ ಸೇರಿಸಿ 3 ಎಂದರೆ, ತಿರುಗಬೇಕಾದ ಜಾಗ ಕಿಟಕಿಯಿಂದ ಒಂದೂವರೆ ಮೀಟರ್ ಆಚೆ. 12,000 ಸುತ್ತು ತಿರುಗುವ ರೇಸ್ ಎಂಜಿನ್ನಿನ ಕಿಟಕಿ 190 ಡಿಗ್ರಿ ತೆರೆದಿದ್ದರೂ ಇದೇ ಲೆಕ್ಕದಲ್ಲಿ ಮುಕ್ಕಾಲು ಮೀಟರೂ ಬೇಡ. ಪೈಪಿನ ಉದ್ದ ನೋಡಿಯೇ ಗಾಡಿ ಯಾವ ವೇಗಕ್ಕೆ ಹುಟ್ಟಿದ್ದು ಎಂದು ಊಹಿಸಬಹುದು.

ಈ ಅಲೆಯನ್ನು ಪಳಗಿಸಿದವರಲ್ಲಿ ದೊಡ್ಡ ಹೆಸರು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಪೇನೆಮುಂಡೆಯಲ್ಲಿ ಕ್ಷಿಪಣಿಗಳ ಕೆಲಸ ಮಾಡಿದ್ದ ಈ ಎಂಜಿನಿಯರ್ ಆಮೇಲೆ ಎಂಜಡ್ (MZ) ಎಂಬ ಮೋಟಾರ್ ಸೈಕಲ್ ಕಂಪನಿಯ ರೇಸ್ ವಿಭಾಗ ಸೇರಿದ. ಪೈಪಿನೊಳಗಿನ ಒತ್ತಡವನ್ನು ಆಸಿಲೋಸ್ಕೋಪಿನ ಪರದೆಯ ಮೇಲೆ ಗೆರೆಯಾಗಿ ನೋಡುತ್ತ ಹೊಟ್ಟೆ ಉಬ್ಬಿದ ಪೈಪಿನ ಆಕಾರವನ್ನು ತಿದ್ದಿದ. 1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಸ್ವೀಡನ್ನಿನ ರೇಸಿನಿಂದ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ತಾಯ್ನಾಡಿಗೆ ಹಿಂತಿರುಗದೆ ಪಶ್ಚಿಮಕ್ಕೆ ತಪ್ಪಿಸಿಕೊಂಡ. ತಲೆಯಲ್ಲಿದ್ದ ಗುಟ್ಟನ್ನೆಲ್ಲ ಜಪಾನಿನ ಸುಜುಕಿಗೆ ಒಪ್ಪಿಸಿ, 1962ರಲ್ಲಿ ಅವರಿಗೆ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದುಕೊಟ್ಟ. ಮೈಸೂರಿನಲ್ಲಿ ಮೊದಲ ಜಾವಾಗಳು ಹೊರಬರುತ್ತಿದ್ದ ವರ್ಷವೇ ಯುರೋಪಿನಲ್ಲಿ ಈ ನಾಟಕ ನಡೆಯುತ್ತಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಎಂಜಿನ್ ಗಾತ್ರವನ್ನು ಲೀಟರಿನ ಲೆಕ್ಕಕ್ಕೆ ತಂದರೆ ಕಾಡೆನ್ನನ ಎಂಜಿನ್ ಲೀಟರಿಗೆ 200 ಅಶ್ವಶಕ್ತಿ. ನಮ್ಮ ಹುಡುಗರ ಮುದ್ದಿನ ಆರ್‌ಎಕ್ಸ್ 100, 98 ಸಿಸಿಗೆ 11, ಎಂದರೆ ಲೀಟರಿಗೆ 112. 1983ರಲ್ಲಿ ಬಂದ ರಾಜ್‌ದೂತ್ 350 ಸುಮಾರು 88. ಯೆಜ್ಡಿ 64. ಹಾಗಾದರೆ ಯೆಜ್ಡಿ ಕಳಪೆಯೇ? ಖಂಡಿತ ಅಲ್ಲ. ಅದರ ಪೈಪನ್ನು ಶ್ರುತಿ ಮಾಡಿದ್ದು ರೇಸಿನ ತಾರಕಕ್ಕಲ್ಲ, ಮೂಟೆ ಹೊತ್ತು ಏರು ಹತ್ತುವ ಮಂದ್ರಕ್ಕೆ. ಅದರ ಉದ್ದನೆಯ ಸೈಲೆನ್ಸರಿಗೆ ರೇಸ್ ಪೈಪಿನಷ್ಟು ಹೊಟ್ಟೆಯಿಲ್ಲ, ಅಲೆಯ ಆಟವೂ ಅಷ್ಟು ಜೋರಿಲ್ಲ. ಆದರೆ ಅದರ ಉದ್ದ, ದಪ್ಪ, ಒಳಗಿನ ಬ್ಯಾಫಲ್ ಎಲ್ಲ ಸೇರಿಯೇ ಎಂಜಿನ್. ಬ್ಯಾಫಲ್ ಕಿತ್ತಾಗ ಬಾಗಿಲಾಚೆಯ ನಾಯಿಯನ್ನು ಓಡಿಸಿದಂತಾಗುತ್ತದೆ. ಕೆಳಗಿನ ಎಳೆತ ಬೀಳುತ್ತದೆ, ಸುಡದ ಪೆಟ್ರೋಲು ಹೆಚ್ಚು ಹೊರಹೋಗುತ್ತದೆ. ಕಿವಿಗೆ ಸದ್ದು ಹೆಚ್ಚಿದ್ದರಿಂದ ಗಾಡಿ ಓಡಿದಂತೆ ಅನಿಸುತ್ತದೆ ಅಷ್ಟೆ. "ಹೊಗೆ ಸಲೀಸಾಗಿ ಹೋದಷ್ಟೂ ಒಳ್ಳೆಯದು" ಎನ್ನುವವರಿಗೆ ರೇಸ್ ಗಾಡಿಯ ಪೈಪಿನ ಬಾಲ ತೋರಿಸಿ. ಅಷ್ಟು ದೊಡ್ಡ ಹೊಟ್ಟೆಯ ಕೊನೆಗೆ ಹೆಬ್ಬೆರಳು ದಪ್ಪದ ತೂತು. ಅಲ್ಲಿ ಬೇಕೆಂದೇ ಹೊಗೆಯನ್ನು ತಡೆದಿರುತ್ತಾರೆ. ಕರ್ಕಶ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸುವ ಚಿತ್ರ ಪತ್ರಿಕೆಗಳಲ್ಲಿ ಬರುತ್ತದಲ್ಲ, ವಿಜ್ಞಾನವೂ ಅವರ ಪಕ್ಷದಲ್ಲೇ ಇದೆ.

ಬ್ಯಾಫಲ್ ಕೀಳಬೇಕೆನ್ನುವ ಆಸೆ ಹುಟ್ಟುವುದಕ್ಕೆ ನಿಜವಾದ ಕಾರಣವೂ ಒಂದಿದೆ: ಅದು ಕಟ್ಟಿಕೊಳ್ಳುತ್ತದೆ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲು ಅರೆಬೆಂದು ಡಾಂಬರಿನಂತೆ ತೂತುಗಳನ್ನು ಮುಚ್ಚುತ್ತದೆ. ಕಟ್ಟಿದ ಬ್ಯಾಫಲ್ ತೆಗೆದರೆ ಗಾಡಿ ಹಗುರಾದದ್ದು ನಿಜ. ಆದರೆ ಅದನ್ನು ಶುಚಿ ಮಾಡಿ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ನಾನು ಹಿತ್ತಲಲ್ಲಿ ತೆಂಗಿನ ಚಿಪ್ಪಿನ ಕೆಂಡ ಮಾಡಿ ನನ್ನ ಗಾಡಿಯ ಬ್ಯಾಫಲ್ ಎರಡನ್ನೂ ಅದರಲ್ಲಿ ಹೂತಿಡುತ್ತೇನೆ. ಮೊದಲು ಹಳದಿ ಹೊಗೆ, ಆಮೇಲೆ ತೂತು ತೂತಿನಿಂದ ಸಣ್ಣ ಉರಿ. ಅರ್ಧ ಗಂಟೆ ಬಿಟ್ಟು ತೆಗೆದು ಕಲ್ಲಿಗೆ ತಟ್ಟಿದರೆ ಕರಿ ಹಪ್ಪಳದ ಚೂರಿನಂತೆ ಉದುರುತ್ತದೆ.

ಒಂದು ಸಿಲಿಂಡರಿಗೆ ಎರಡು ಪೈಪು ಏಕೆ ಎಂಬುದಕ್ಕೂ ಚೆಂದದ ಉತ್ತರವಿದೆ. ಹೊಗೆ ಬೇಗ ಹೋಗಲು ಕಿಟಕಿ ಅಗಲವಿರಬೇಕು. ಆದರೆ ಅಗಲವಾದ ಒಂದೇ ಕಿಟಕಿಯೆದುರು ಪಿಸ್ಟನ್ ರಿಂಗು ಹಾದುಹೋಗುವಾಗ ಅದು ಹೊರಕ್ಕೆ ಉಬ್ಬಿ ಅಂಚಿಗೆ ಸಿಕ್ಕಿಕೊಳ್ಳಬಹುದು. ಎರಡು ಚಿಕ್ಕ ಕಿಟಕಿ ಮಾಡಿ ನಡುವೆ ಗೋಡೆ ಉಳಿಸಿದರೆ ರಿಂಗಿಗೆ ಆಧಾರ ಸಿಗುತ್ತದೆ. ರಿಂಗಿನ ಇನ್ನೊಂದು ಗುಟ್ಟು ನನಗೆ ತಿಳಿದದ್ದು ನಷ್ಟ ಮಾಡಿಕೊಂಡು. ಪಿಸ್ಟನ್ನಿನ ಮೇಲೆ ರಿಂಗು ಕೂರುವ ಕಾಲುವೆಯಲ್ಲಿ ಸಾಸಿವೆ ಗಾತ್ರದ ಒಂದು ಪಿನ್ನಿದೆ. ರಿಂಗಿನ ಎರಡು ತುದಿ ಅದರ ಆಚೀಚೆ ಕೂರಬೇಕು. ಇಲ್ಲದಿದ್ದರೆ ರಿಂಗು ತಿರುಗಿ ತುದಿ ಕಿಟಕಿಗೆ ಸಿಕ್ಕುತ್ತದೆ. ಮೊದಲ ಸಲ ಬಿಚ್ಚಿದಾಗ ನಾನು ಆ ಪಿನ್ನನ್ನು ಗಮನಿಸಲಿಲ್ಲ. ಸಿಲಿಂಡರನ್ನು ಇಳಿಸುವಾಗ "ಟಕ್" ಎಂದು ಸದ್ದಾಯಿತು. ಮೇಲೆತ್ತಿ ನೋಡಿದರೆ ಹೊಸ ರಿಂಗು ಎರಡು ತುಂಡು.

ಅಟ್ಟದ ಕೆಳಗೆ ನಿಂತಿದ್ದ ಗಾಡಿಗೆ ಮೊದಲು ಬೇಕಾದ್ದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲು. ವರ್ಷಗಟ್ಟಲೆ ನಿಂತರೆ ರಬ್ಬರು ಒಣಗಿ ಕೊಂಬಿನಂತಾಗುತ್ತದೆ. ಎಡಬದಿಯದು ಸೋತರೆ ಎಂಜಿನ್ ಗೇರ್ ಆಯಿಲ್ಲನ್ನು ಹೀರಿ ಊರಿಗೆಲ್ಲ ಬಿಳಿ ಹೊಗೆ ಕೊಡುತ್ತದೆ. ಬಲಬದಿಯದು ಸೋತರೆ ಬೇಡದ ಗಾಳಿ ಒಳನುಗ್ಗಿ ಪಿಸ್ಟನ್ ಕಾದು ಸೀಜಾಗಬಹುದು. "ಆಯಿಲ್ಲು ಜಾಸ್ತಿ ಹಾಕಿದರೆ ಎಂಜಿನ್ನಿಗೆ ತಂಪು" ಎಂಬ ಮಾತನ್ನೂ ಬಿಡಿ. ಕಾರ್ಬರೇಟರಿನ ಜೆಟ್ ಅಳೆದು ಬಿಡುವುದು ಬೆರಕೆಯನ್ನು. ಅದರಲ್ಲಿ ಆಯಿಲ್ಲಿನ ಪಾಲು ಹೆಚ್ಚಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ಇನ್ನೂ ಕಾಯುತ್ತದೆ. ಲೀಟರಿಗೆ 40 ಮಿಲಿಲೀಟರ್ ಎಂಬ ರೂಢಿಯ ಲೆಕ್ಕ ಮೀರಬೇಡಿ. ಸುಧಾರಣೆ ಮಾಡಲೇಬೇಕೆಂದರೆ 6 ವೋಲ್ಟಿನ ವೈರಿಂಗನ್ನು 12ಕ್ಕೆ ಬದಲಿಸಿ, ಪಾಯಿಂಟು ಕಂಡೆನ್ಸರಿನ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ. 35 ವಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಬೇಕು, 12ರಲ್ಲಿ 3 ಸಾಕು. ಕರೆಂಟು ಅರ್ಧವಾದರೆ ವೈರಿನಲ್ಲಿ ಸೋರುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಲೈಟು ಹಳದಿಯಿಂದ ಬಿಳಿಗೆ ತಿರುಗಿದ್ದು ಕಣ್ಣಿಗೇ ಕಾಣುತ್ತದೆ.

ಅದೇ ಓದುಗರು ಕೊನೆಗೆ ಇನ್ನೊಂದು ಮಾತು ಬರೆದಿದ್ದರು. ಗಾಡಿಯನ್ನು ಮೂಲೆಗೆ ನಿಲ್ಲಿಸಿದ್ದೇ ಅದಕ್ಕಂತೆ: ಊರಾಚೆಯ ಒಂದು ಹುಣಸೆಮರದ ಹತ್ತಿರ ಅದು ಪ್ರತಿಸಲ ತಾನಾಗಿ ನಿಲ್ಲುತ್ತಿತ್ತು, ಹತ್ತು ನಿಮಿಷ ಬಿಟ್ಟು ಒದ್ದರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತಿತ್ತು. ನಿಂಬೆಹಣ್ಣು ಕಟ್ಟಿಸಿದರು, ಕೋಳಿ ಕೊಯ್ದರು, ಗಾಡಿ ಮಾತ್ರ ಅಲ್ಲೇ ನಿಂತಿತು. ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಒಂದು ಒಳ್ಳೆಯ ಯಂತ್ರ ಹದಿನೈದು ವರ್ಷ ಇಲ್ಲದ ದೆವ್ವದ ಹೆಸರಲ್ಲಿ ತುಕ್ಕು ಹಿಡಿಯಬೇಕಿತ್ತೇ? ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತಿದೆ. ಅದು ಮುಚ್ಚಿಹೋದರೆ, ಪೆಟ್ರೋಲು ಖಾಲಿಯಾದಷ್ಟೂ ಒಳಗೆ ಗಾಳಿಯ ಒತ್ತಡ ಇಳಿಯುತ್ತ ಬಂದು ಒಂದು ಹಂತದಲ್ಲಿ ಪೆಟ್ರೋಲು ಕೆಳಗಿಳಿಯುವುದೇ ನಿಲ್ಲುತ್ತದೆ. ದಿನವೂ ಮನೆಯಿಂದ ಹೊರಟು ಅದೇ ದಾರಿ, ಅದೇ ವೇಗದಲ್ಲಿ ಹೋದರೆ ಆ ಹಂತ ಬರುವುದೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ನಿಂತು ಹತ್ತು ನಿಮಿಷವಾದರೆ ಗಾಳಿ ಹೇಗೋ ನುಸುಳಿ ಸರಿಹೋಗುತ್ತದೆ. ಗಾಡಿ ನಿಂತಾಗ ಮುಚ್ಚಳ ತಿರುಗಿಸಿ ನೋಡಿ, "ಸುಯ್" ಎಂದು ಗಾಳಿ ಒಳಗೆಳೆದುಕೊಂಡರೆ ಕಾರಣ ಇದೇ.

ಅವರಿಗೆ ಹಾಗೇ ಹೇಳಿ ಕಳಿಸಿದ್ದೆ. ಎಂಜಿನ್ ಮುಟ್ಟುವ ಮುಂಚೆ ಮುಚ್ಚಳ ಬಿಚ್ಚಿ ನೋಡಿದ್ದಾರೆ. ಅರ್ಧಂಬರ್ಧ ಅಲ್ಲ, ಪೂರ್ತಿ ಮುಚ್ಚಿತ್ತಂತೆ. ತುಕ್ಕು, ಧೂಳು, ಯಾವತ್ತೋ ಹಚ್ಚಿದ ಅರಿಶಿನ-ಕುಂಕುಮ ಎಲ್ಲ ಸೇರಿ ಗಟ್ಟಿಯಾಗಿ. ಒಂದು ತೆಂಗಿನ ಕಡ್ಡಿ ಸಾಕಾಯಿತು ಎಂದು ಬರೆದಿದ್ದಾರೆ.