ನೂಲಿನ ತೂಕದಲ್ಲಿ ನೀರೆಷ್ಟು?

ಸೊಲ್ಲಾಪುರದ ಯಾವ ಮಗ್ಗದ ಮನೆಗೆ ಹೋಗಿ ‘ಇದು ಎಷ್ಟರ ನೂಲು?’ ಎಂದು ಕೇಳಿದರೂ ಒಂದು ಅಂಕಿ ಸಿಗುತ್ತದೆ: ಹತ್ತು, ಇಪ್ಪತ್ತು, ನಲವತ್ತು. ಅಂಕಿ ಏರಿದಷ್ಟೂ ನೂಲು ಸಣ್ಣ. ಹೊಸಬರಿಗೆ ಇದು ತಲೆಕೆಳಗಾದ ಲೆಕ್ಕ ಅನ್ನಿಸುತ್ತದೆ. ಆದರೆ ಏಕಮಾನವನ್ನು ಬಿಚ್ಚಿ ನೋಡಿದರೆ ನೆಟ್ಟಗೇ ಇದೆ. 840 ಗಜದ್ದು ಒಂದು ಲಡಿ. ಅಂಥ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದೇ ಆ ನೂಲಿನ ಕೌಂಟ್. ಇಪ್ಪತ್ತರ ನೂಲಾದರೆ 453.6 ಗ್ರಾಮಿನಲ್ಲಿ ಸುಮಾರು 15.4 ಕಿಲೋಮೀಟರ್ ಉದ್ದ ಇರುತ್ತದೆ.

ಇದು ಲ್ಯಾಂಕಾಷೈರಿನ ಗಿರಣಿಗಳ ಲೆಕ್ಕ. ಊರಿನವರು ‘ಜುನೀ ಮಿಲ್’ ಎಂದು ಕರೆಯುತ್ತಿದ್ದ ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ 1877ರಲ್ಲಿ ಶುರುವಾದ ಕಾಲಕ್ಕೆ ಗಜ, ಪೌಂಡುಗಳದ್ದೇ ಆಳ್ವಿಕೆ. 1956ರ ತೂಕ-ಅಳತೆ ಕಾನೂನು ಬಂದ ಮೇಲೆ ಪೇಟೆಯ ಸೇರು, ತೊಲಗಳು ಒಂದೊಂದಾಗಿ ಕಿಲೋ, ಗ್ರಾಮಿಗೆ ಜಾಗ ಬಿಟ್ಟವು. ನೂಲಿನ ಪೌಂಡ್ ಮಾತ್ರ ಕೌಂಟಿನೊಳಗೆ ಅಡಗಿ ಕೂತು ಉಳಿದುಕೊಂಡಿತು. ಮೆಟ್ರಿಕ್ ಪದ್ಧತಿಯಲ್ಲಿ ಇದಕ್ಕೆ ಟೆಕ್ಸ್ ಇದೆ: ಒಂದು ಕಿಲೋಮೀಟರ್ ನೂಲು ಎಷ್ಟು ಗ್ರಾಂ ಎಂಬುದು. ಇಪ್ಪತ್ತರ ನೂಲು 29.5 ಟೆಕ್ಸ್. ದಪ್ಪಗಾದರೆ ಅಂಕಿಯೂ ಏರುತ್ತದೆ. ಪಾಠ ಹೇಳಲು ಟೆಕ್ಸೇ ಸುಲಭ. ವ್ಯಾಪಾರಕ್ಕೆ ಅದರ ಗೊಡವೆ ಬೇಕಾಗಿಲ್ಲ.

ಯಾವ ಏಕಮಾನ ಹಿಡಿದರೂ ಒಂದು ಪ್ರಶ್ನೆ ಬಾಕಿ ಉಳಿಯುತ್ತದೆ. ತಕ್ಕಡಿಯ ಮೇಲೆ ಕೂತದ್ದು ನೂಲೊಂದೇ ಅಲ್ಲ, ಅದರಲ್ಲಿ ನೀರೂ ಇದೆ. ಹತ್ತಿ ಎಂದರೆ ಸೆಲ್ಯುಲೋಸ್, ಅಂದರೆ ಗ್ಲೂಕೋಸ್ ಕೊಂಡಿಗಳ ಉದ್ದನೆಯ ಸರಪಳಿ. ಒಂದೊಂದು ಕೊಂಡಿಯಲ್ಲೂ ಮೂರು ಹೈಡ್ರಾಕ್ಸಿಲ್ ಗುಂಪುಗಳಿದ್ದು, ಗಾಳಿಯಲ್ಲಿನ ನೀರಿನ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಮುಟ್ಟಿದರೆ ಒಣಗಿದೆ ಅನ್ನಿಸುವ ನೂಲಿನಲ್ಲೂ ಈ ನೀರು ಇರುತ್ತದೆ. ಸೊಲ್ಲಾಪುರದ ಬೇಸಿಗೆಯ ಮಧ್ಯಾಹ್ನ, ಗಾಳಿಯ ಆರ್ದ್ರತೆ ಶೇಕಡಾ 20-30ಕ್ಕೆ ಇಳಿದಾಗ, 100 ಕಿಲೋ ಒಣ ಹತ್ತಿ ನಾಲ್ಕು ಕಿಲೋ ಆಸುಪಾಸಿನ ನೀರು ಹಿಡಿದಿರುತ್ತದೆ. ಮಳೆಗಾಲದಲ್ಲಿ ಆರ್ದ್ರತೆ 80ಕ್ಕೆ ಏರಿದರೆ ಅದೇ ಹತ್ತಿಯಲ್ಲಿ ಹತ್ತು ಕಿಲೋ. ತಕ್ಕಡಿ ಸುಳ್ಳು ಹೇಳಿಲ್ಲ, ವ್ಯಾಪಾರಿಯೂ ಮೋಸ ಮಾಡಿಲ್ಲ. ಆದರೂ ಆರು ಕಿಲೋ ವ್ಯತ್ಯಾಸ.

ಅದಕ್ಕೇ ನೂಲಿನ ವ್ಯಾಪಾರದಲ್ಲಿ ಒಂದು ಒಪ್ಪಂದವಿದೆ: 100 ಕಿಲೋ ಪೂರಾ ಒಣಗಿದ ಹತ್ತಿಗೆ 8.5 ಕಿಲೋ ನೀರು ಸೇರಿಸಿ ಲೆಕ್ಕ ಹಾಕುವುದು. ಈ 8.5 ಎಂಬುದನ್ನು ಅಣುಗಳ ಲೆಕ್ಕಕ್ಕೆ ಇಳಿಸಿದರೆ ಚೆಂದದ ಉತ್ತರ ಬರುತ್ತದೆ. ಸರಪಳಿಯ ಒಂದು ಕೊಂಡಿಯ ಅಣುತೂಕ 162, ನೀರಿನದು 18. ಕೊಂಡಿಗೊಂದು ಅಣುವಿನಂತೆ ನೀರಿದ್ದರೆ ಶೇಕಡಾ 11.1 ಆಗಬೇಕಿತ್ತು. 8.5 ಅಂದರೆ ನಾಲ್ಕು ಕೊಂಡಿಗೆ ಸುಮಾರು ಮೂರು ನೀರಿನ ಅಣುಗಳು.

ಪರೀಕ್ಷಾಲಯದಲ್ಲಿ ನೂಲನ್ನು 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಒಲೆಯಲ್ಲಿಟ್ಟು, ಇನ್ನು ತೂಕ ಇಳಿಯದು ಅನ್ನುವವರೆಗೆ ಒಣಗಿಸಿ ತೂಗುತ್ತಾರೆ. ಆ ನೂಲನ್ನು ಹೊರತೆಗೆದು, ಗ್ರಾಮಿನ ಸಾವಿರದ ಒಂದು ಭಾಗ ತೋರಿಸುವ ತಕ್ಕಡಿಯ ಮೇಲೆ ತೆರೆದಿಟ್ಟರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ನೋಡನೋಡುತ್ತಲೇ ಏರುತ್ತದೆ, ನೂಲು ಗಾಳಿಯಿಂದ ನೀರು ಕುಡಿಯುತ್ತಿರುತ್ತದೆ. ದಶಮಾಂಶದ ನಂತರ ಮೂರು ಸ್ಥಾನ ಇದೆಯೆಂದು ಮೂರನ್ನೂ ನಂಬಿ ಬರೆದುಕೊಂಡರೆ ಅದು ನಿಖರತೆಯಲ್ಲ, ಬರೀ ಅಂಕಿಗಳ ಆಡಂಬರ.

ಬಣ್ಣ ಹಾಕುವವರಿಗೂ ಈ ನೀರು ತೊಡಕೇ. ಶೇಕಡಾ 2ರ ಛಾಯೆ ಎಂದರೆ 100 ಕಿಲೋ ನೂಲಿಗೆ 2 ಕಿಲೋ ಬಣ್ಣ. ಮೇಲಿನ ಅಂದಾಜಿನಂತೆ ಬೇಸಿಗೆಯಲ್ಲಿ ತೂಗಿದ 100 ಕಿಲೋದಲ್ಲಿ ಒಣ ಹತ್ತಿ 96 ಕಿಲೋ ಇದ್ದರೆ ಮಳೆಗಾಲದ್ದರಲ್ಲಿ 91 ಮಾತ್ರ. ಬಣ್ಣ ಅಷ್ಟೇ, ಅದನ್ನು ಹೀರುವ ನಾರು ಕಡಿಮೆ. ಮಳೆಗಾಲದ ನೂಲಿಗೆ ಹೆಚ್ಚುಕಡಿಮೆ ಶೇಕಡಾ 6ರಷ್ಟು ಹೆಚ್ಚು ಬಣ್ಣ ಸಿಕ್ಕಂತಾಯಿತು.

ಅಕ್ಕಲಕೋಟ ತಾಲೂಕಿನ ತೊಗರಿ ಬೆಳೆಗಾರನಿಗೆ ಈ ವಿಷಯ ಹೊಸದಲ್ಲ. ಸರ್ಕಾರಿ ಖರೀದಿ ಕೇಂದ್ರದಲ್ಲಿ ತೇವಾಂಶ ಶೇಕಡಾ 12ರೊಳಗಿರಬೇಕು ಎಂಬ ನಿಯಮ ಅವನಿಗೆ ಗೊತ್ತು. ಆದರೆ ಇಲ್ಲೊಂದು ಸಿಕ್ಕಿದೆ. ಕಾಳಿನ ಶೇಕಡಾವಾರು ಲೆಕ್ಕ ನೀರು ಸೇರಿದ ಒಟ್ಟು ತೂಕದ ಮೇಲೆ. ನೂಲಿನದು ಒಣ ತೂಕದ ಮೇಲೆ. ನೂಲಿನ 8.5ನ್ನು ಕಾಳಿನ ರೀತಿಯಲ್ಲಿ ಹೇಳಿದರೆ 7.8 ಆಗುತ್ತದೆ. ನೀರು ಅಷ್ಟೇ ಇದೆ, ಛೇದ ಬದಲಾಗಿದೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಬಹುಮಟ್ಟಿಗೆ ಇಂಥ ಕಡೆಯೇ: ಶೇಕಡಾ ಬರೆಯುತ್ತಾರೆ, ಯಾವುದರ ಶೇಕಡಾ ಎಂದು ಬರೆಯುವುದಿಲ್ಲ.

ಪ್ರಯೋಗಶಾಲೆಯ ನೀರು ಹೀಗೆ ಆಟ ಆಡಿಸುವುದಿಲ್ಲ ಎಂದೇನೂ ಇಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಬಿಲ್ಲೆಗಳು ತೂಗುವಾಗಲೇ ತೇವ ಎಳೆದುಕೊಳ್ಳುತ್ತವೆ. ಅದರ ದ್ರಾವಣದ ಸಾಂದ್ರತೆಯನ್ನು ತೂಕದಿಂದ ನಂಬುವಂತಿಲ್ಲ. ಆಕ್ಸಾಲಿಕ್ ಆಮ್ಲದ ಹರಳು ಮರ್ಯಾದಸ್ಥ. ಅದರ ಒಂದು ಅಣುವಿಗೆ ಸರಿಯಾಗಿ ಎರಡು ನೀರಿನ ಅಣು, ಅಣುತೂಕ 126. ಆ ನೀರು ಲೆಕ್ಕಕ್ಕೆ ಸಿಕ್ಕ ನೀರು. ಹಾಗಾಗಿ ಅದನ್ನು ತೂಗಿ ದ್ರಾವಣ ಮಾಡಿ, ಅದರಿಂದ ಹೈಡ್ರಾಕ್ಸೈಡಿನ ಬಲ ಅಳೆಯುತ್ತಾರೆ.

ದ್ರಾವಣ ಮಾಡಲು ಹೊರಟರೆ ಸೊಲ್ಲಾಪುರದ ಬಿಸಿಲು ಎದುರಾಗುತ್ತದೆ. ಅಳತೆಯ ಫ್ಲಾಸ್ಕಿನ ಕುತ್ತಿಗೆಯ ಗೆರೆ ಒಂದು ಉಷ್ಣತೆಗೆ ಮಾತ್ರ ಸರಿ; ಗಾಜಿನ ಮೇಲೆಯೇ 20 ಅಥವಾ 27 ಡಿಗ್ರಿ ಎಂದು ಬರೆದಿರುತ್ತಾರೆ. ಒಂದು ಲೀಟರ್ ನೀರು 27 ಡಿಗ್ರಿಯಲ್ಲಿ 996.5 ಗ್ರಾಂ, 40 ಡಿಗ್ರಿಯಲ್ಲಿ 992.2 ಗ್ರಾಂ. ಗಾಜೂ ಹಿಗ್ಗುತ್ತದೆ, ಆದರೆ ಲೀಟರಿಗೆ ಒಂದು ಮಿಲಿಲೀಟರಿನ ಹತ್ತನೇ ಭಾಗದಷ್ಟು. ಒಳ್ಳೆಯ ದರ್ಜೆಯ ಫ್ಲಾಸ್ಕಿನಲ್ಲಿ ತಯಾರಕರು ಒಪ್ಪಿಕೊಳ್ಳುವ ತಪ್ಪು ಒಂದು ಮಿಲಿಲೀಟರಿಗೂ ಕಡಿಮೆ. ಮೇ ತಿಂಗಳ ಸೆಕೆ ಒಂದೇ ನಾಲ್ಕು ಮಿಲಿಲೀಟರಿನಷ್ಟು ತಪ್ಪಿಸುತ್ತದೆ. ದುಬಾರಿ ಫ್ಲಾಸ್ಕ್ ಕೊಳ್ಳುವುದಕ್ಕಿಂತ ದಾಖಲೆ ಪುಸ್ತಕದಲ್ಲಿ ಉಷ್ಣತೆ ಬರೆಯುವುದು ಮೊದಲ ಕೆಲಸ. ಸಾಂದ್ರತೆಯನ್ನು ಲೀಟರಿನ ಬದಲು ದ್ರಾವಕದ ಕಿಲೋ ಲೆಕ್ಕದಲ್ಲಿ ಹೇಳಿದರೆ ಈ ತಲೆನೋವೇ ಇಲ್ಲ: ಬಿಸಿಲಿಗೆ ನೀರು ಹಿಗ್ಗುತ್ತದೆಯೇ ಹೊರತು, ಮುಚ್ಚಿಟ್ಟ ಸೀಸೆಯಲ್ಲಿ ಅದರ ತೂಕ ಬದಲಾಗುವುದಿಲ್ಲ. ಮೊಲಾಲಿಟಿ ಎಂಬ ಆ ಏಕಮಾನವನ್ನು ಪಠ್ಯದಲ್ಲಿ ಅರ್ಧ ಪುಟಕ್ಕೆ ಮುಗಿಸಿಬಿಡುತ್ತಾರೆ. ಸೊಲ್ಲಾಪುರದ ಬೇಸಿಗೆಗೆ ಹೇಳಿ ಮಾಡಿಸಿದ್ದು ಅದೇ.