ಅಂಗಡಿ ಬಾಗಿಲು ಹಾಕಿದ ಮೇಲೆ ದಂಡಯಾತ್ರೆ!

ರಾತ್ರಿ ಒಂಬತ್ತೂವರೆ. ಹಾವೇರಿ ಪೇಟೆಯಲ್ಲಿ ಷಟರ್‌ಗಳು ದಡದಡ ಅಂತ ಇಳಿಯುವ ಹೊತ್ತು. ಗಲ್ಲಾ ಎಣಿಸಿ, ಉದ್ರಿ ಬರೆದು, ಬೀಗ ಎರಡೆರಡು ಸಲ ಜಗ್ಗಿ ನೋಡಿ ಮನೆಗೆ ಬಂದ ವ್ಯಾಪಾರಸ್ಥ ಉಂಡಾದ ಮೇಲೆ ಏನು ಮಾಡುತ್ತಾನೆ? ಟಿ.ವಿ. ಮುಂದೆ ಕೂತು ತೂಕಡಿಸುತ್ತಾನೆ, ಇಲ್ಲಾಂದ್ರ ಮೊಬೈಲ್ ತಿಕ್ಕುತ್ತಾನೆ. ತಪ್ಪೇನಲ್ಲ ಬಿಡ್ರಿ, ದಣಿದ ಜೀವ.

ಆದರೆ ನಮಗೆ ಗೊತ್ತಿರುವ ಕಿರಾಣಿ ಅಂಗಡಿಯ ಸಾವಕಾರರೊಬ್ಬರ ಮನೆಯಲ್ಲಿ ನಡೆಯುವುದೇ ಬೇರೆ. ಊಟದ ತಾಟು ಎತ್ತಿದ ಕೂಡಲೇ ಅವರು ಮಂಚದ ಕೆಳಗಿನಿಂದ ಒಂದು ಪ್ಲೈವುಡ್ ಹಲಗೆ ಎಳೆಯುತ್ತಾರೆ. ಹಲಗೆ ಮೇಲೆ ಹದಿನಾಲ್ಕು ಬೆಂಕಿಪೊಟ್ಟಣ, ಹೊಳೆಯ ಹಾಗೆ ಹಾಸಿದ ಒಂದು ನೀಲಿ ರಿಬ್ಬನ್ನು, ಪಕ್ಕದಲ್ಲಿ ಆರು ಕವಡಿ, ಒಂದು ಬಟ್ಟಲು ಶೇಂಗಾ. “ಬರ್ರಿ ಪತ್ರಿಕೆಯವರ, ಚಲೋ ವ್ಯಾಳ್ಯಾಕ್ಕ ಬಂದ್ರಿ. ಧೋಂಡಿಯಾ ಇವತ್ತ ಹೊಳಿ ದಾಟತಾನೋ ಇಲ್ಲೋ ನೋಡೂಣು” ಅಂತ ನಮಗೂ ಒಂದು ಮಣೆ ಹಾಕುತ್ತಾರೆ.

ಇದೇನು ಹುಡುಗಾಟ ಅಂತ ನಗಬೇಡಿ. ನಡೆದುಹೋದ ಯುದ್ಧವನ್ನು ಪುಟ್ಟ ಗೊಂಬೆಗಳನ್ನಿಟ್ಟು ಮೇಜಿನ ಮೇಲೆ ಮತ್ತೆ ಆಡಿ ನೋಡುವ ಹವ್ಯಾಸಕ್ಕೆ ಜಗತ್ತಿನಲ್ಲಿ ದೊಡ್ಡ ವಂಶಾವಳಿಯೇ ಇದೆ. ಪ್ರಷ್ಯಾ ದೇಶದ ಸೈನ್ಯಾಧಿಕಾರಿಗಳು 1824ರಿಂದಲೇ ನಕಾಶೆಯ ಮೇಲೆ ಇಂಥ ಆಟ ಆಡಿ ಯುದ್ಧ ಕಲಿತರು. ಕಥೆಗಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಅಂತ ಪುಸ್ತಕವನ್ನೇ ಬರೆದ. ತವರದ ಸಿಪಾಯಿಗಳು, ಸ್ಪ್ರಿಂಗ್ ಹಾಕಿದ ಆಟಿಕೆ ತೋಪು — ಇಷ್ಟೇ ಸಾಮಾನು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಎಂಬಾತ ಬರೆದ ‘ವಾರ್ ಗೇಮ್ಸ್’ ಪುಸ್ತಕದಿಂದ ಈ ಹುಚ್ಚು ಇಂಗ್ಲೆಂಡಿನ ಸಾಮಾನ್ಯ ನೌಕರದಾರರ ಮನೆಗೂ ಹೊಕ್ಕಿತು.

ನಮಗಾದರೂ ಇದು ಪರದೇಶದ ಸರಕೇನಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗದ ಸೈನ್ಯವನ್ನು ಹಾಸಿನ ಮೇಲೆ ನಿಲ್ಲಿಸಿದ್ದಕ್ಕೇ ‘ಚತುರಂಗ’ ಅಂತ ಹೆಸರು ಬಂತು. ಇನ್ನು ಕಟ್ಟೆ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಆಡುವ ಹುಲಿ-ಕುರಿ ಆಟ ನೋಡಿರಿ. ಹುಲಿ ಕೆಲವೇ, ಆದರೆ ಜೋರು. ಕುರಿ ಬಹಳ, ಆದರೆ ಮೆತ್ತಗೆ. ಎರಡೂ ಕಡೆ ಬಲ ಬೇರೆ, ಉಪಾಯವೂ ಬೇರೆ. ನಮ್ಮ ಸಾವಕಾರರ ಹಲಗೆ ಮೇಲಿನ ಆಟದ ಬೇರು ಇಲ್ಲೇ ಐತಿ.

ನಮ್ಮ ಹಾದಿಯಲ್ಲೇ ನಡೆದ ದಂಡು

ಹಾಗಾದರೆ ಅವರು ಆಡುತ್ತಿರುವ ಯುದ್ಧ ಯಾವುದು? ಪಾಣಿಪತ್ತೂ ಅಲ್ಲ, ವಾಟರ್‌ಲೂನೂ ಅಲ್ಲ. ವಾಚಕರು ದಿನಾ ಟಿಕೆಟ್ ತೆಗೆಸಿ ಓಡಾಡುವ ಹರಿಹರ–ರಾಣೇಬೆನ್ನೂರು–ಹಾವೇರಿ ಸೀಮೆಯಲ್ಲೇ 1800ನೇ ಇಸವಿಯ ಮಳೆಗಾಲದಲ್ಲಿ ನಡೆದ ದಂಡಯಾತ್ರೆ.

ಕಥೆ ಹೀಗಿದೆ. ಚನ್ನಗಿರಿಯವನಾದ ಧೋಂಡಿಯಾ ವಾಘ್ ಹೈದರಾಲಿಯ ಕೈಕೆಳಗೆ ಸವಾರನಾಗಿದ್ದವನು. ಮುಂದೆ ಟಿಪ್ಪುವಿನ ಕಾಲಕ್ಕೆ ಶ್ರೀರಂಗಪಟ್ಟಣದ ಸೆರೆಮನೆ ಸೇರಿದ. 1799ರ ಮೇ 4ರಂದು ಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದವನೇ, ಕೆಲಸ ಕಳಕೊಂಡ ಸವಾರರನ್ನೆಲ್ಲ ಕೂಡಿಸಿಕೊಂಡು ಸಾವಿರಗಟ್ಟಲೆ ಕುದುರೆಯ ಒಡೆಯನಾದ. ತನ್ನನ್ನು ತಾನೇ ‘ಎರಡು ಲೋಕದ ಅರಸ’ ಅಂತ ಕರೆದುಕೊಂಡ. ಇಂಗ್ಲಿಷರು ಅವನನ್ನು ಕಳ್ಳ ಅಂದರು. ಇಂಗ್ಲಿಷರನ್ನು ಎದುರಿಸಿದ ಶೂರ ಅನ್ನುವವರೂ ಇದ್ದಾರೆ. ಆ ನ್ಯಾಯ ಇವತ್ತು ಬಗೆಹರಿಸುವುದು ಬೇಡ.

ಅವನ ಬೆನ್ನು ಹತ್ತಿ ಬಂದವನು ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನ ಸೊಕ್ಕು ಮುರಿದವನೂ ಇವನೇ; ಆಗಿನ್ನೂ ಮೂವತ್ತೊಂದರ ಕರ್ನಲ್. ಜೂನ್ ಕೊನೆಗೆ ಹರಿಹರದಲ್ಲಿ ತುಂಗಭದ್ರೆ ದಾಟಿದ. ಜೂನ್ 27ರಂದು ರಾಣೇಬೆನ್ನೂರಿನ ಕೋಟೆಗೆ ಲಗ್ಗೆ ಹಾಕಿದ. ಅಲ್ಲಿಂದ ಹಾವೇರಿ, ವರದಾ ನದಿ, ಜುಲೈದಲ್ಲಿ ಸವಣೂರು, ಕುಂದಗೋಳ, ಡಂಬಳ — ನಮ್ಮ ಬಸ್ಸಿನ ಬೋರ್ಡು ಓದಿದಂತೆಯೇ ಆಗುತ್ತದೆ. ಜುಲೈ 30ರಂದು ಮುನವಳ್ಳಿ ಎದುರಿನ ಮಲಪ್ರಭೆ ದಂಡೆಯಲ್ಲಿ ಧೋಂಡಿಯಾನ ಪಾಳೆಯದ ಮೇಲೆ ಬಿದ್ದು ಅವನ ಸಾಮಾನು ಸರಂಜಾಮು ಕಿತ್ತುಕೊಂಡ. ಕಡೆಗೆ ಸೆಪ್ಟೆಂಬರ್ 10ರಂದು ಕೃಷ್ಣಾ–ತುಂಗಭದ್ರೆಯ ನಡುವಿನ ಕೋನಗಲ್ಲಿನಲ್ಲಿ ಧೋಂಡಿಯಾ ಕಾದಾಡಿ ಸತ್ತ.

ಬೆಂಕಿಪೊಟ್ಟಣದ ರೆಜಿಮೆಂಟು

ಕೋನಗಲ್ ಕಾಳಗ ಹಲಗೆಗೆ ಹೇಳಿ ಮಾಡಿಸಿದಂಥದ್ದು. ಧೋಂಡಿಯಾನ ಕಡೆ ಸುಮಾರು 5,000 ಸವಾರರು. 500ಕ್ಕೆ ಒಂದರಂತೆ ಹತ್ತು ಬೆಂಕಿಪೊಟ್ಟಣ. ವೆಲ್ಲೆಸ್ಲಿ ಕಡೆ ಅಂದು ಕಾದಿದ್ದು ಕುದುರೆ ದಂಡಿನ ನಾಲ್ಕೇ ರೆಜಿಮೆಂಟು — ಎರಡು ಗೋರಾ, ಎರಡು ಮದ್ರಾಸಿನವು. ಅದಕ್ಕೆ ನಾಲ್ಕು ಪೊಟ್ಟಣ, ಕೆಂಪು ಕಾಗದ ಅಂಟಿಸಿದ್ದು. ಧೋಂಡಿಯಾನ ಬೆನ್ನಿಗೆ ಮತ್ತು ಎಡಕ್ಕೆ ಊರು, ಬಂಡೆಗಲ್ಲು. ಅದಕ್ಕೆ ಅಡಿಗೆಮನೆಯಿಂದ ಒಂದು ಗುಂಡುಕಲ್ಲು ಬಂತು. (“ನಾಳೆ ಮುಂಜಾನೆ ಚಟ್ನಿ ಅರಿಯೂದ್ರಾಗ ವಾಪಸ್ ಇಡ್ರಿ” ಅಂತ ಒಳಗಿನಿಂದ ತಾಕೀತೂ ಬಂತು.)

ನಿಯಮ ಸರಳ. ಕುದುರೆ ಒಂದು ಸರತಿಗೆ ಒಂದು ಗೇಣು ನಡೆಯುತ್ತದೆ, ಕಾಲಾಳು ನಾಲ್ಕು ಬೆರಳು, ಎತ್ತಿನ ಹೇರು ಎರಡು ಬೆರಳು. ಎದುರಾಬದುರು ಆದಾಗ ಕವಡಿ ಎಸೆಯುವುದು. ಬಾಯಿ ಮೇಲಾಗಿ ಬಿದ್ದಷ್ಟು ಪೆಟ್ಟು. ಕವಾಯತು ಕಲಿತ ದಂಡಿಗೆ ಎರಡು ಸಲ ಎಸೆಯುವ ಹಕ್ಕು.

ಅಂದು ವೆಲ್ಲೆಸ್ಲಿ ಎದುರಾಳಿಯ ಉದ್ದಕ್ಕೆ ಸರಿಗಟ್ಟಲು ತನ್ನ ನಾಲ್ಕೂ ರೆಜಿಮೆಂಟನ್ನು ಒಂದೇ ಸಾಲಿಗೆ ಹೂಡಿ ನುಗ್ಗಿಸಿದ. ಹಿಂದೆ ಆಸರೆಗೆ ಎರಡನೇ ಸಾಲೇ ಇಲ್ಲ. ಪುಸ್ತಕದಲ್ಲಿ ಓದಿದರೆ “ಶಾಭಾಸ್” ಅಂತೇವೆ. ಹಲಗೆ ಮೇಲೆ ಆ ನಾಲ್ಕು ಪೊಟ್ಟಣ ನೀವೇ ಮುಂದೆ ನೂಕುವಾಗ ಗೊತ್ತಾಗುತ್ತದೆ, ಎಂಥ ಎದೆಗಾರಿಕೆಯ ಸೂತ್ರ ಅಂತ. ಸಾವಕಾರರು ಐದು ಸಲ ಆಡಿದ್ದಾರೆ. ಅದರಲ್ಲಿ ಎರಡು ಸಲ ಧೋಂಡಿಯಾನೇ ಗೆದ್ದ!

ಪೇಟೆಯಲ್ಲಿ ಸಿಗುವ ಅಂದದ ಗೊಂಬೆಗಳೂ ಇವೆ. 28 ಮಿಲಿಮೀಟರಿನ ಸವಾರನ ಮೀಸೆಗೂ ಬಣ್ಣ ಹಚ್ಚುವವರಿದ್ದಾರೆ. ಅದಕ್ಕೆ ದುಡ್ಡೂ ಬೇಕು, ಕಣ್ಣೂ ಬೇಕು. ಆದರೆ ಸುರುವಾತಿಗೆ ಬೆಂಕಿಪೊಟ್ಟಣ ಸಾಕು.

ಗಲ್ಲಾದ ಮೇಲೆ ಕೂತವನೇ ಜಾಣ

ಈಗ ಬಟ್ಟಲಿನ ಶೇಂಗಾದ ಗುಟ್ಟು. ಅದು ದಂಡಿನ ದವಸ. ಹರಿಹರದಿಂದ ಪೂರಾ ದಂಡಯಾತ್ರೆ ಆಡುವಾಗ ಪ್ರತಿ ಪೊಟ್ಟಣವೂ ದಿನಕ್ಕೊಂದು ಶೇಂಗಾ ತಿನ್ನಬೇಕು. ಶೇಂಗಾ ತೀರಿತೋ, ಆ ರೆಜಿಮೆಂಟು ಅಲ್ಲೇ ಠಿಕಾಣಿ. ಹೊಳೆ ತುಂಬಿದಾಗ ಹರಿಗೋಲು ಇದ್ದವನು ದಾಟುತ್ತಾನೆ, ಇಲ್ಲದವನು ದಂಡೆ ಕಾಯುತ್ತಾನೆ. (ಒಂದು ರಾತ್ರಿ ಸಾವಕಾರರ ಮೊಮ್ಮಗಳು ಯಾರೂ ನೋಡದಾಗ ಇಡೀ ಬಟ್ಟಲು ಖಾಲಿ ಮಾಡಿದ್ದರಿಂದ ಇಂಗ್ಲಿಷ್ ದಂಡು ವರದೆಯ ದಂಡೆಯಲ್ಲಿ ಉಪವಾಸ ಬಿತ್ತು.)

ಈ ಆಟದಲ್ಲಿ ಅವರ ಎದುರಾಳಿ ಬ್ಯಾಡಗಿಯ ಮೆಣಸಿನಕಾಯಿ ಅಡತಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಮೊದಲ ಆಟದಲ್ಲೇ ಅವರು ಒಂದು ಖಾತೆ ಪುಸ್ತಕ ತಂದಿಟ್ಟು ಜಮಾ–ಖರ್ಚು ಹಾಕತೊಡಗಿದರು. “ಸಾವಕಾರ್ರ, ಕತ್ತಿ ಆಮ್ಯಾಲ. ಮೊದಲ ಎತ್ತು ಎಷ್ಟು, ಚೀಲ ಎಷ್ಟು, ಹಾದಿ ಎಷ್ಟು ದಿನದ್ದು, ಅದನ್ನ ಹೇಳ್ರಿ” ಅಂದರು. ಆಟ ಅವರೇ ಗೆದ್ದರು.

ಇತಿಹಾಸ ಹೇಳುವುದೂ ಅದನ್ನೇ. ವೆಲ್ಲೆಸ್ಲಿಯ ಆ ಕಾಲದ ಪತ್ರಗಳ ತುಂಬ ಎತ್ತು, ಅಕ್ಕಿ, ದೋಣಿ ಇವುಗಳದೇ ಚಿಂತೆ. ಮೈಸೂರು ಅರಸರು ಬೆಳೆಸಿದ ಅಮೃತಮಹಲ್ ಎತ್ತುಗಳು ಟಿಪ್ಪುವಿನ ನಂತರ ಇಂಗ್ಲಿಷರ ಕೈಗೆ ಬಂದಿದ್ದವು. ದವಸ ಹೇರಿಕೊಂಡು ದಂಡಿನ ಹಿಂದೆ ನಡೆದವರು ಬಂಜಾರರು. ಇವತ್ತಿಗೂ ನಮ್ಮ ಜಿಲ್ಲೆಯ ತಾಂಡಾಗಳಲ್ಲಿರುವ ಲಂಬಾಣಿ ಜನ ಅದೇ ಬಳ್ಳಿಯವರು. ಎಲ್ಲರೂ ಮಳೆಗಾಲದಲ್ಲಿ ಯುದ್ಧ ನಿಲ್ಲಿಸಿದರೆ ಈ ಪುಣ್ಯಾತ್ಮ ಹೊಳೆ ತುಂಬಿದ ಕಾಲವೇ ತನಗೆ ಅನುಕೂಲ ಅಂತ ಲೆಕ್ಕ ಹಾಕಿದ. ತನ್ನ ಹತ್ತಿರ ದೋಣಿ ಇರುತ್ತದೆ, ಬರೀ ಕುದುರೆ ನೆಚ್ಚಿದವನ ಹತ್ತಿರ ಇರುವುದಿಲ್ಲ! ಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಕು ಯಾವಾಗ ತುಂಬಬೇಕು ಅಂತ ತಿಳಿದವನು ಅರ್ಧ ಸೇನಾಪತಿಯೇ.

ವ್ಯಾಳ್ಯಾ ಎಲ್ಲಿಂದ ತರೋದ್ರಿ?

“ನಮಗ ಉಣ್ಣಾಕ ಪುರುಸೊತ್ತಿಲ್ಲ, ಇದೆಲ್ಲಿ ಹಚ್ಚಿದ್ರಿ” ಅನ್ನುವವರಿಗೆ ಸಾವಕಾರರ ಉತ್ತರ ತಯಾರಿದೆ. ಒಂದು ರಾತ್ರಿಗೆ ಅರ್ಧ ತಾಸು, ಮೂರೇ ಸರತಿ. ಗಡಿಯಾರ ಹತ್ತೂವರೆ ತೋರಿಸಿದರೆ ಹಲಗೆ ಹಾಗೇ ಮಂಚದ ಕೆಳಗೆ. ಯುದ್ಧ ಎಲ್ಲಿಗೂ ಓಡಿಹೋಗುವುದಿಲ್ಲ. ಮಾರುಕಟ್ಟೆ ಜೋರಿರುವ ದಿನ ಆಟಕ್ಕೆ ರಜಾ. ಗುಮಾಸ್ತರು ಬ್ಯಾಡಗಿಯಿಂದ ದಿನಾ ಬರಲಾಗದು. ಸಾವಕಾರರು ಹಲಗೆಯ ಫೋಟೋ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಅವರು ಮರುದಿನ ಬಸ್ಸಿನಲ್ಲಿ ಕೂತು ವಿಚಾರ ಮಾಡಿ “ಮೂರನೇ ಪೊಟ್ಟಣ ಒಂದು ಗೇಣು ಬಡಗಲಿಗೆ” ಅಂತ ಹುಕುಂ ಕಳಿಸುತ್ತಾರೆ. ಹಿಂದೆ ಚದುರಂಗವನ್ನು ಅಂಚೆ ಕಾರ್ಡಿನಲ್ಲಿ ಆಡುತ್ತಿದ್ದರಲ್ಲ, ಹಾಗೆಯೇ.

“ನಮ್ಮಪ್ಪ ಐವತ್ತು ವರ್ಷ ಅಂಗಡಿ ನಡಿಸಿದ್ರು. ಅವರಿಗೆ ಏನು ಸೇರತಿತ್ತು ಅಂತ ಕೇಳಿದ್ರ ನನಗ ಹೇಳಾಕ ಬರೂದಿಲ್ಲ. ಅಂಗಡಿ ಬಿಟ್ಟು ಬ್ಯಾರೆ ಏನೂ ಇರಲಿಲ್ಲ. ನನ್ನ ಮಗ ನನ್ನ ಬಗ್ಗೆ ಹಂಗ ಅನ್ನಬಾರದು ನೋಡ್ರಿ” ಅಂದರು ಸಾವಕಾರರು, ಕವಡಿ ಕೈಯಲ್ಲಿ ಕುಲುಕುತ್ತ.

ಆಡದೇ ಬಿಟ್ಟ ಆಟ

ಎಲ್ಲ ಆಡಿದರೂ ಒಂದು ಆಟ ಆ ಹಲಗೆ ಮೇಲೆ ನಡೆದಿಲ್ಲ. ಅದು ರಾಣೇಬೆನ್ನೂರಿನದು. ರಟ್ಟಿನ ಕೋಟೆ ಕತ್ತರಿಸಿ ಇಟ್ಟಿದ್ದರು. ಒಳಗಿನವರು ಮುಂದೆ ಬಂದ ದಳದ ಮೇಲೆ ಗುಂಡು ಹಾರಿಸಿದ್ದು, ವೆಲ್ಲೆಸ್ಲಿ ಲಗ್ಗೆಗೆ ಹುಕುಂ ಕೊಟ್ಟಿದ್ದು, ಕೋಟೆಯೊಳಗೆ ಬಹಳ ಮಂದಿ ಸತ್ತಿದ್ದು ಎಲ್ಲ ಓದಿ ಹೇಳಿದರು. ಕಾಲೇಜಿಗೆ ಹೋಗುವ ಮಗ ಕೇಳಿದ: “ಅಪ್ಪಾ, ಒಳಗ ಇದ್ದವರು ಯಾರು? ನಮ್ಮ ಕಡೀ ಮಂದಿನ ಇರಬೇಕಲ್ಲ?”

ಸಾವಕಾರರು ಗುಮಾಸ್ತರ ಮುಖ ನೋಡಿದರು, ಗುಮಾಸ್ತರು ಸಾವಕಾರರ ಮುಖ ನೋಡಿದರು. ಗುಮಾಸ್ತರ ಬೀಗರ ಮನೆ ರಾಣೇಬೆನ್ನೂರಿನಲ್ಲೇ ಇದೆ. ಲಗ್ಗೆ ಹಾಕುವ ಕಡೆ ಯಾರು ಕೂಡಬೇಕು? ಇಬ್ಬರೂ ಒಲ್ಲೆ ಅಂದರು. ರಟ್ಟಿನ ಕೋಟೆ ಇವತ್ತಿಗೂ ಹಲಗೆಯ ಮೂಲೆಯಲ್ಲಿ ಹಾಗೇ ಇದೆ. ದಂಡು ಅದನ್ನು ಸುತ್ತುಹಾಕಿ ಹಾವೇರಿಗೆ ಬರುತ್ತದೆ. ಇದು ಇತಿಹಾಸ ಅಲ್ಲ, ಖರೇ. ಆದರೆ ಆಟ ಎಲ್ಲಿಗೆ ಆಟ, ಎಲ್ಲಿಂದ ಮುಂದೆ ಅಲ್ಲ ಅಂತ ತಿಳಿಯುವುದೂ ಒಂದು ಪಾಠವೇ ಅಲ್ಲವೇ?

ಆಟದಲ್ಲಿ ಇನ್ನೊಂದು ಕಾಯಿ ಇದೆ, ಅದು ಯಾರ ಪಕ್ಷದ್ದೂ ಅಲ್ಲ. ಒಂದು ಸಣ್ಣ ಬಿಳಿ ಕವಡಿ. ಕೋನಗಲ್ ಕಾಳಗ ಮುಗಿದ ಮೇಲೆ ಧೋಂಡಿಯಾನ ಸಾಮಾನಿನ ನಡುವೆ ಒಂದು ಪುಟ್ಟ ಹುಡುಗ ಸಿಕ್ಕ, ಅವನ ಮಗ ಸಲಾಬತ್ ಖಾನ್. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತಂದು ನೋಡಿಕೊಂಡ. ದೇಶ ಬಿಡುವಾಗ ಅವನ ಪಾಲನೆಗೆ ಹಣ ಇಟ್ಟುಹೋದ. ತಂದೆಯನ್ನು ಕೊಂದ ಕೈಯೇ ಮಗನನ್ನು ಎತ್ತಿಕೊಂಡಿತು ಅಂದಹಾಗಾಯ್ತು. ಸಾವಕಾರರ ಮನೆಯ ನಿಯಮ ಏನೆಂದರೆ, ಯಾರೇ ಗೆಲ್ಲಲಿ, ಆ ಕವಡಿ ಜೋಪಾನ ಮಾಡಿದರೆ ಮಾತ್ರ ಗೆಲುವು ಲೆಕ್ಕಕ್ಕೆ.

ನಾಳೆ ಹಾವೇರಿ ದಾಟಿ ಹುಬ್ಬಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಕಿಡಕಿ ಪಕ್ಕ ಜಾಗ ಸಿಕ್ಕರೆ, ವರದಾ ಹೊಳೆ ಬಂದಾಗ ಒಂದು ಸಲ ಕತ್ತು ಹೊರಳಿಸಿರಿ. ನೀರು ಎಷ್ಟೈತಿ, ಎತ್ತು ದಾಟಬಹುದೋ ಇಲ್ಲೋ ಅಂತ ಮನಸ್ಸು ಲೆಕ್ಕ ಹಾಕತೊಡಗಿತೋ, ನಿಮಗೂ ಈ ಹುಚ್ಚು ಹತ್ತಿತು ಅಂತ ತಿಳಿಯಿರಿ. ಬರುವಾಗ ಪೇಟೆಯಲ್ಲಿ ಒಂದು ಡಜನ್ ಬೆಂಕಿಪೊಟ್ಟಣ ತರೋದು ಮರೀಬ್ಯಾಡ್ರಿ. ಶೇಂಗಾ ಮಾತ್ರ ಮಕ್ಕಳ ಕೈಗೆ ಎಟುಕದ ಹಾಗೆ ಇಡ್ರಿ!